ಜಾವಾ ವಿದ್ಯೆಯೂ ಮುಕ್ತ ತಂತ್ರಾಂಶಗಳೂ

ಹುಡುಗಿಯರನ್ನು ಶಾಲೆಗೆ ಸೇರಿಸಲು ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಬಾಗಲಕೋಟೆಗೆ ಬರುವ ಪಾಲಕರು ಈಚೆಗೆ ಪ್ರವೇಶಪತ್ರವನ್ನು ತುಂಬುವದಕ್ಕೆ ಮುಂಚೆಯೇ, "ಅಕ್ಕಾವ್ರ, ನಮ್ಮ ಹುಡುಗಿಗೆ ಜಾವಾ ಕಲಸ್ತೀರೇನ್ರಿ?" ಎಂದು ಕೇಳುವದು ವಾಡಿಕೆಯಾಗಿದೆ. ನೆರೆಮನೆಯ ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನು ಕಲಿತು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದನ್ನು ಅವರು ಕಣ್ಣಾರೆ ಕಂಡಿರುವರು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬೆನ್ನಿಗೇ ಕೇಳತಕ್ಕ ಇನ್ನೊಂದು ಪ್ರಶ್ನೆಯನ್ನು ಇದುವರೆಗೆ ಯಾರೂ ನಮ್ಮನ್ನು ಕೇಳಿಲ್ಲ: ನಮ್ಮ ಮಕ್ಕಳು ಕಲಿಯುವ ಉಪಕರಣವು ಯಾರ ಅಧೀನದಲ್ಲಿರುವದು? ಮಾಜಿ ವಿದ್ಯಾರ್ಥಿನಿಯರ ನಿಧಿಯನ್ನು ಹೇಗೆ ವೆಚ್ಚ ಮಾಡಬೇಕೆಂಬ ವಿಚಾರವು ಎದುರಿಗಿರುವಾಗ ಈ ಮಾತನ್ನು ಬಿಚ್ಚಿ ಹೇಳುವದು ಅವಶ್ಯವೆಂದು ಭಾವಿಸುತ್ತೇವೆ.

ಜಾವಾ ಎಂಬುದು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆಗಳಲ್ಲೊಂದು. ಅಮೇರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗರೂ ಅವರ ಸಂಗಡಿಗರೂ ೧೯೯೧ರಲ್ಲಿ ಕೈಕೊಂಡ ಕೆಲಸವು ೧೯೯೫ರಲ್ಲಿ ಲೋಕದ ಮುಂದೆ ಬಂದಿತು. ಹೆಸರು ಕಾಫಿಯಿಂದ ಬಂದದ್ದು. ಚಹದ ಸೀಮೆಯವರಾದ ನಮಗೆ ಅದರಿಂದ ಬಾಧೆಯೇನಿಲ್ಲ. ಒಂದೊಂದು ಜಾತಿಯ ಯಂತ್ರಕ್ಕೆ ಒಂದೊಂದು ನುಡಿಯುಂಟು. ಜಾವಾದಲ್ಲಿ ಬರೆದದ್ದು ಮೊದಲು ಒಂದು ನಡುವಣ ನುಡಿಗೆ ತಿರುಗುವದು. ಆಯಾ ಯಂತ್ರದೊಳಗೆ ಕುಳಿತ ದುಭಾಷಿಯು ಅದನ್ನು ಆ ಯಂತ್ರದ ನುಡಿಯಲ್ಲಿ ತಿಳಿಸಿಕೊಡುವನು. ಆದಕಾರಣ ಒಮ್ಮೆ ಬರೆದದ್ದು ಹಲವು ಬಗೆಯ ಯಂತ್ರಗಳಲ್ಲಿ ನಡೆಯಬಲ್ಲದು. ನಮ್ಮ ಹತ್ತನೆಯ ತರಗತಿಯವರು ವೃತ್ತಗಳನ್ನೂ ಸ್ಪರ್ಶಕಗಳನ್ನೂ ಎಳೆದು ನೋಡುವ ಜಿಯೋಜೀಬ್ರಾ ಎಂಬ ಗಣಿತದ ಉಪಕರಣವನ್ನು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರರು ಮೊದಲು ಜಾವಾದಲ್ಲಿಯೇ ರಚಿಸಿದರು.

ಭಾಷೆಯ ಗುಣವು ಒಂದು ಕಡೆಗಿರಲಿ. ಅದರ ಒಡೆತನದ ಕಥೆಯು ಇನ್ನೂ ಬೋಧಪ್ರದವಾದದ್ದು. ೨೦೦೬ರ ನವೆಂಬರದಲ್ಲಿ ಸನ್ ಕಂಪನಿಯು ಜಾವಾದ ಮೂಲ ಬರಹವನ್ನು ಜಿಪಿಎಲ್ ಎಂಬ ಪರವಾನಿಗೆಯ ಮೇಲೆ ಲೋಕಕ್ಕೆ ತೆರೆದಿಡಲು ಆರಂಭಿಸಿತು. ಆ ಪರವಾನಿಗೆಯ ತಿರುಳು ಇಷ್ಟೇ: ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಕರಾರಿನ ಮೇಲೆ ಕೊಡತಕ್ಕದ್ದು. ೨೦೧೦ರಲ್ಲಿ ಸನ್ ಕಂಪನಿಯನ್ನು ಓರಾಕಲ್ ಕಂಪನಿಯು ಕೊಂಡಿತು. ೨೦೧೯ರಲ್ಲಿ ಈ ಹೊಸ ಒಡೆಯರು ಕರಾರನ್ನು ಬದಲಿಸಿ, ತಮ್ಮ ಜಾವಾ ಪ್ರತಿಯನ್ನು ವ್ಯಾಪಾರಕ್ಕೆ ಬಳಸುವವರು ಹಣ ತೆರಬೇಕೆಂದರು. ಅನಂತರವೂ ಕರಾರು ಒಂದೆರಡು ಸಲ ಬದಲಾಗಿದೆ. ಆದರೆ ಓಪನ್ ಜೆಡಿಕೆ ಎಂಬ ಮುಕ್ತ ರೂಪವು ಆ ವೇಳೆಗಾಗಲೇ ಎಲ್ಲರ ಕೈಯಲ್ಲಿತ್ತು. ಹಲವು ಸಂಸ್ಥೆಗಳು ಅದನ್ನೇ ಸಿದ್ಧಪಡಿಸಿ ಬೆಲೆಯಿಲ್ಲದೆ ಒದಗಿಸಿದವು. ಮನೆಯ ಒಡೆಯರು ಬದಲಾದರೂ ಒಳಗಿದ್ದವರು ಬೀದಿಗೆ ಬೀಳಲಿಲ್ಲ.

ಬೆಂಗಳೂರಿನಲ್ಲಿ ಜಾವಾ ಬರೆದು ಸಂಸಾರ ನಡೆಸುವ ನಮ್ಮ ಮಾಜಿ ವಿದ್ಯಾರ್ಥಿನಿಯೊಬ್ಬಳು ಈ ಸಂಗತಿಗಳನ್ನು ನಮಗೆ ವಿವರಿಸಿದಳು. ತಾನು ನಿತ್ಯ ಬಳಸುವ ಎಕ್ಲಿಪ್ಸ್, ಮೇವನ್, ಗಿಟ್ ಇವೆಲ್ಲವೂ ಮುಕ್ತ ಉಪಕರಣಗಳೆಂದೂ, ಅನ್ಯರು ಬರೆದದ್ದನ್ನು ಓದಿ ಓದಿಯೇ ತನಗೆ ಬರೆಯಲು ಬಂದಿತೆಂದೂ ಹೇಳಿದಳು. ಜಾವಾದಲ್ಲಿ ಮಾತು ಬಹಳ, ಚಿಕ್ಕವರಿಗೆ ಮೊದಲು ಪೈಥಾನ್ ಕಲಿಸುವದೇ ಲೇಸೆಂಬುದು ಅವಳ ಅಭಿಪ್ರಾಯ. ನಮಗೂ ಅದು ಒಪ್ಪಿತವಾಗಿದೆ. ಆದರೆ ಈ ವಿದ್ಯೆಗೆ ಇಂಗ್ಲಿಷೊಂದೇ ಸಾಕು, ಕನ್ನಡದ ಬೆರಳಚ್ಚಿಗಾಗಿ ಮಕ್ಕಳ ವೇಳೆಯನ್ನು ಕಳೆಯಬಾರದೆಂದು ಅವಳು ಅಂದದ್ದನ್ನು ನಾವು ಒಪ್ಪಲಾರೆವು.

ಕಾರಣವು ನಮ್ಮ ಕಪಾಟಿನಲ್ಲಿಯೇ ಇದೆ. ಈ ಶಾಲೆಯ ಹಿಂದಿನ ಕೆಲವು ಸ್ಮರಣಸಂಚಿಕೆಗಳನ್ನು ಅಂದಿನ ರೂಢಿಯಂತೆ ಒಂದೇ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದ ಸಂಕೇತದಲ್ಲಿ ಬೆರಳಚ್ಚು ಮಾಡಿಸಲಾಗಿತ್ತು. ಆ ಕಡತಗಳನ್ನು ಇಂದು ತೆರೆದರೆ ಲೇಖನಗಳಿಗೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಹೊಟ್ಟು ಕಾಣುವದು. ಗೆದ್ದಲು ತಿಂದ ಕಾಗದದಲ್ಲಾದರೂ ಅರ್ಧ ಸಾಲು ಉಳಿಯುತ್ತಿತ್ತು! ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ೧೮೯೪ರಲ್ಲಿ ಹೊರಟ ಕಿಟ್ಟೆಲರ ನಿಘಂಟನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯು ಇಂದಿಗೂ ತೆರೆದು ಓದಬಲ್ಲಳು. ತನ್ನ ತಾಯಿಯು ಇದೇ ಶಾಲೆಯಲ್ಲಿ ಬರೆದ ಪ್ರಬಂಧವನ್ನು ಓದಲಾರಳು. ಇಂಥ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಉಪಕರಣವನ್ನು ಕನ್ನಡದ ತಂತ್ರಜ್ಞರು ರಚಿಸಿ ಮುಕ್ತವಾಗಿ ಬಿಟ್ಟಿರುವದರಿಂದ ಬಹುಪಾಲು ಲೇಖನಗಳು ನಮಗೆ ಮರಳಿ ದೊರೆತವು. ಕೆಲವು ಕಡತಗಳು ಇನ್ನೂ ಬಾಯಿ ಬಿಟ್ಟಿಲ್ಲ. ಇಂಗ್ಲಿಷು ಬಲ್ಲವರಿಗೆ ಈ ಕಷ್ಟವು ತಿಳಿಯದು. ಕನ್ನಡದ ಕೆಲಸಕ್ಕೆ ಲಾಭ ಕಡಮೆಯಾದ್ದರಿಂದ ಕಂಪನಿಗಳು ನಮಗಾಗಿ ಕಾದು ಕೂಡ್ರುವದಿಲ್ಲ. ಕನ್ನಡ ಬಲ್ಲ ಹುಡುಗಿಯರೇ ಅದನ್ನು ಮಾಡಬೇಕು, ಮೂಲ ಬರಹವು ತೆರೆದಿದ್ದರೆ ಮಾತ್ರ ಮಾಡಬಲ್ಲರು.

ಗುಟ್ಟನ್ನು ಬಿಟ್ಟುಕೊಟ್ಟರೆ ಹೊಟ್ಟೆ ಹೊರೆಯುವದು ಹೇಗೆಂದು ಇಳಕಲ್ಲಿನ ನೇಕಾರ ಪಾಲಕರೊಬ್ಬರು ಕೇಳಿದರು. ಉತ್ತರವು ಅವರ ಮಗ್ಗದ ಮೇಲೆಯೇ ಇದ್ದಿತು. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಜಾಣ್ಮೆಯನ್ನು ಊರಿನ ಮಗ್ಗಗಳೆಲ್ಲ ಬಲ್ಲವು. ಅದಕ್ಕಾಗಿ ಒಬ್ಬ ನೇಕಾರನು ಇನ್ನೊಬ್ಬನಿಗೆ ಶುಲ್ಕ ತೆತ್ತದ್ದನ್ನು ನಾವು ಕೇಳಿಲ್ಲ. ಇಳಕಲ್ ಸೀರೆಯೆಂಬ ಹೆಸರಿಗೆ ಮಾತ್ರ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಜಾವಾದ ಸ್ಥಿತಿಯೂ ಹೆಚ್ಚುಕಡಮೆ ಇದೇ: ಹೆಸರು ಓರಾಕಲ್ಲಿನ ವ್ಯಾಪಾರಮುದ್ರೆ, ಮುಕ್ತ ಬರಹವು ಸರ್ವರದು. ಕೂಲಿಯು ನೇಯ್ದದ್ದಕ್ಕೆ ಸಿಗುವದು, ಬಚ್ಚಿಟ್ಟದ್ದಕ್ಕಲ್ಲ.

ಇದಕ್ಕೆ ಇನ್ನೊಂದು ಮಗ್ಗುಲುಂಟು, ಅದನ್ನು ಮರೆಮಾಡುವದು ಸರಿಯಲ್ಲ. ಯಂತ್ರದಲ್ಲಿ ನಡೆದದ್ದನ್ನು ದಿನಚರಿಯಂತೆ ಬರೆದಿಡುವ ಲಾಗ್‌ಫೋರ್‌ಜೆ ಎಂಬ ಜಾವಾದ ಉಪಕರಣದಲ್ಲಿ ೨೦೨೧ರ ಡಿಸೆಂಬರದಲ್ಲಿ ಭಾರಿ ಲೋಪವೊಂದು ಬಯಲಿಗೆ ಬಂದು, ದೊಡ್ಡ ದೊಡ್ಡ ಕಂಪನಿಗಳೂ ಸರಕಾರಗಳೂ ತಲ್ಲಣಿಸಿದವು. ಆ ಉಪಕರಣವನ್ನು ನೋಡಿಕೊಳ್ಳುತ್ತಿದ್ದವರು ಕೆಲವೇ ಸ್ವಯಂಸೇವಕರು. ಲೋಕವೆಲ್ಲ ಪುಕ್ಕಟೆ ಉಂಡಿತ್ತು, ಅಡಿಗೆಯ ಮನೆಗೆ ಸೌದೆ ತಂದವರು ವಿರಳ. ಮುಕ್ತವೆಂದರೆ ಪುಕ್ಕಟೆಯೆಂದು ತಿಳಿದ ಶಾಲೆಯೂ ಇದೇ ದೋಷಕ್ಕೆ ಗುರಿಯಾಗುವದು. ಆದ್ದರಿಂದ ನಮ್ಮ ಹುಡುಗಿಯರು ಪ್ರತಿ ವರ್ಷ ಏನಾದರೊಂದನ್ನು ಮರಳಿ ಕೊಡಬೇಕೆಂಬುದು ನಮ್ಮ ಹಟ: ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಬಾದಾಮಿಯ ಗುಹೆಗಳನ್ನು ಕುರಿತು ಒಂದು ತಿದ್ದುಪಡಿಯಾಗಲಿ, ಯಾವದೋ ಉಪಕರಣದ ಕನ್ನಡ ಅನುವಾದದ ಹತ್ತು ಸಾಲಾಗಲಿ.

ಹೆಸರಾಂತ ಕಂಪನಿಗಳ ತಂತ್ರಾಂಶಗಳನ್ನೇ ಕೊಳ್ಳಬೇಕೆಂದೂ, ಹಣ ಸಾಲದಿದ್ದರೆ "ಎಲ್ಲರೂ ಮಾಡುವಂತೆ" ಮಾಡಬಹುದೆಂದೂ ಸೂಚಿಸಿದವರಿದ್ದಾರೆ. ಕಳವಿನ ಪ್ರತಿಯನ್ನು ಯಂತ್ರಕ್ಕೆ ಹಾಕಿಕೊಂಡು ಮುಂಜಾನೆಯ ಪ್ರಾರ್ಥನೆಯಲ್ಲಿ ದಶಾಜ್ಞೆಗಳನ್ನು ಬೋಧಿಸುವ ಧೈರ್ಯವು ನಮಗಿಲ್ಲ. ನೆರೆಯ ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶದ ಮೇಲೆಯೇ ಪಾಠ ನಡೆಸುತ್ತಿವೆ; ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುವರು. ನಿಧಿಯ ಹಣವು ಪರವಾನಿಗೆಗಳಿಗೆ ಹೋಗದೆ ಯಂತ್ರಗಳಿಗೂ, ಕಲಿಸಲು ಬರುವವರ ಸಂಬಳಕ್ಕೂ ಸಲ್ಲಲೆಂದು ಕೇಳುತ್ತೇವೆ. ಬೆಂಗಳೂರು, ಪುಣೆಗಳಲ್ಲಿ ಈ ವೃತ್ತಿಯಲ್ಲಿರುವ ಮಾಜಿ ವಿದ್ಯಾರ್ಥಿನಿಯರು ಬೇಸಿಗೆಯ ರಜೆಯಲ್ಲಿ ಒಂದು ವಾರ ಬಂದು ಕಲಿಸಿದರೆ ಉಪಕಾರವಾಗುವದು; ವಸತಿಗೃಹದಲ್ಲಿ ಊಟ ವಸತಿಗಳ ಏರ್ಪಾಡುಂಟು. ಬಾಯಿ ಬಿಡದ ಆ ಕಡತಗಳ ಸಂಚಿಕೆಗಳ ಅಚ್ಚಾದ ಪ್ರತಿಗಳು ಯಾರ ಮನೆಯಲ್ಲಾದರೂ ಇದ್ದರೆ ದಯಮಾಡಿ ಕಳಿಸಬೇಕು. ಹುಡುಗಿಯರು ಯುನಿಕೋಡಿನಲ್ಲಿ ಬೆರಳಚ್ಚು ಮಾಡಿಕೊಂಡ ಮೇಲೆ ಜೋಪಾನವಾಗಿ ಮರಳಿಸುವೆವು. ರಟ್ಟು ಹರಿದಿದ್ದರೂ ಅಡ್ಡಿಯಿಲ್ಲ.