ಬಚ್ಚಲೊಲೆಯ ಬೆಂಕಿ, ಬೆಟ್ಟದ ಮರ

ಮಳೆ ಹಿಡಿಯಿತೆಂದರೆ ಮಂಗಳೂರು ನಗರದ ಹಳೆಯ ಹಂಚಿನ ಮನೆಗಳ ಬಚ್ಚಲುಗಳಿಂದ ಮುಂಜಾನೆ ದಟ್ಟ ಹೊಗೆ ಏಳುತ್ತದೆ. ಕೋಣೆಗಳನ್ನು ಬಿಸಿಯಾಗಿಡುವ ಅಗತ್ಯ ಕರಾವಳಿಗಿಲ್ಲ. ಇಲ್ಲಿ ಸೌದೆ ಉರಿಯುವುದು ಸ್ನಾನದ ಹಂಡೆಯಡಿಯಲ್ಲಿ. ಈ ನಗರದ ಬೆಂಕಿಗೂ ಘಟ್ಟದ ಕಾಡಿಗೂ ಇರುವ ನಂಟು ಹಳೆಯದು. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನದಿದಂಡೆಗಳಲ್ಲಿ ಒಂದೊಂದಾಗಿ ಎದ್ದ ಗೂಡುಗಳು ಸೌದೆಯನ್ನೇ ಉಂಡು ಬೆಳೆದವು. ಆ ಗೂಡುಗಳಲ್ಲಿ ಹೆಚ್ಚಿನವು ಇಂದು ತಣ್ಣಗಾಗಿವೆ. ಹಂಡೆಯೊಲೆ ಮಾತ್ರ ಉಳಿದಿದೆ.

ಈ ಒಲೆಯ ಖರ್ಚನ್ನು ಲೆಕ್ಕ ಹಾಕಿ ನೋಡೋಣ. ಮೂವರ ಸ್ನಾನಕ್ಕೆ ಬೇಕಾದ 60 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿಯಷ್ಟು ಏರಿಸಲು 1,200 ಕಿಲೋಕ್ಯಾಲರಿ ಶಾಖ ಸಾಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 3,500ರಿಂದ 4,000 ಕಿಲೋಕ್ಯಾಲರಿ ಅಡಗಿದೆ. ಏನೂ ಪೋಲಾಗದಿದ್ದರೆ ಕಾಲು ಕಿಲೋಗಿಂತ ತುಸು ಹೆಚ್ಚು ಸೌದೆಯಲ್ಲಿ ಕೆಲಸ ಮುಗಿಯಬೇಕು. ಶಾಖದ ಹತ್ತನೆಯ ಒಂದು ಪಾಲಷ್ಟೇ ನೀರಿಗೆ ಮುಟ್ಟುವ ತೆರೆದ ಒಲೆಗಾದರೋ 3 ಕಿಲೋಗೂ ಮಿಕ್ಕಿ ಬೇಕು. ಹಸಿಸೌದೆಯಾದರೆ ತನ್ನೊಳಗಿನ ನೀರನ್ನು ಆವಿಯಾಗಿಸಲೂ ಶಾಖ ವ್ಯಯವಾಗುತ್ತದೆ. ಬೆಂಕಿಯ ಕಾವು ತಗ್ಗಿ, ಅರೆ ಉರಿದ ಕಟ್ಟಿಗೆ ಹೊಗೆಯಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ನಾಡಿನಲ್ಲೇ ಹುಟ್ಟಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯಲ್ಲಿ ಸೌದೆ ಕಬ್ಬಿಣದ ಜಾಳಿಗೆಯ ಮೇಲೆ ಉರಿಯುತ್ತದೆ, ಗಾಳಿ ಅಡಿಯಿಂದ ಅಳತೆಯರಿತು ಒಳಬರುತ್ತದೆ, ಹೊಗೆ ಕೊಳವೆಯ ಮೂಲಕ ಮನೆಯಾಚೆ ಹೋಗುತ್ತದೆ. 1983ರಲ್ಲಿ ಶಿರಸಿಯ ಬಳಿ ಹುಟ್ಟಿದ ಅಪ್ಪಿಕೋ ಚಳವಳಿಯೂ ಮರವನ್ನು ಅಪ್ಪಿಕೊಂಡು ಸುಮ್ಮನಾಗದೆ, ಸೌದೆ ಉಳಿಸುವ ಒಲೆಗಳನ್ನು ಮನೆಮನೆಗೆ ಒಯ್ದಿತು. ಅದೇ ವರ್ಷ ಕೇಂದ್ರ ಸರಕಾರವು ಆರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಗುರಿಯ ಸಂಖ್ಯೆಗಾಗಿ ಕಟ್ಟಿದ ಅನೇಕ ಒಲೆಗಳು, ಕೊಳವೆಯ ಮಸಿ ತೆಗೆಯುವವರಿಲ್ಲದೆ, ಬಿರುಕಿಗೆ ಮಣ್ಣು ಮೆತ್ತುವವರಿಲ್ಲದೆ ಮೂಲೆಗುಂಪಾದವು. 2016ರ ಉಜ್ವಲಾ ಯೋಜನೆಯಿಂದ ಬಡವರ ಅಡುಗೆಮನೆಗೂ ಅನಿಲ ಬಂತು. ಆದರೆ ಹಂಡೆಯ ನೀರಿಗೂ ಸಿಲಿಂಡರ್ ಸುಡುವಷ್ಟು ಅನುಕೂಲ ಎಷ್ಟು ಮನೆಗಳಿಗಿದೆ?

ನಮಗೆ ಆತಂಕ ತಂದಿರುವುದು ಇನ್ನೊಂದು ರೂಢಿ. ನೆನೆದ ಸೌದೆ ಹೊತ್ತಲೆಂದು ಪ್ಲಾಸ್ಟಿಕ್ ತೊಟ್ಟೆಗಳನ್ನೂ ಹಾಲಿನ ಕವರುಗಳನ್ನೂ ಒಲೆಗೆ ತುರುಕಲಾಗುತ್ತಿದೆ. ಈ ಹೊಗೆಯ ವಿಷವನ್ನು ಮೊದಲು ಉಣ್ಣುವವರು ಬೆಂಕಿ ಊದುವ ಹೆಂಗಸರು ಮತ್ತು ಪಕ್ಕದಲ್ಲಿ ಚಳಿ ಕಾಯಿಸುವ ಮಕ್ಕಳು. ವಿಷ ಹೊಗೆಯೊಂದಿಗೇ ಮುಗಿಯುವುದಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷ್ ಇದೆ. ಕರಾವಳಿಯ ಹುಳಿಮಣ್ಣಿನ ಆಮ್ಲೀಯತೆಯನ್ನು ಅದು ತಗ್ಗಿಸುತ್ತದೆ. ಪ್ಲಾಸ್ಟಿಕ್ ಬೆರೆತ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಗೊಬ್ಬರದ ಜತೆ ಕಸವನ್ನೂ ಮಣ್ಣಿಗೆ ಸೇರಿಸಿದಂತೆಯೇ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಬೇಸಗೆಯಲ್ಲೇ ಸೌದೆ ಸೀಳಿ, ಒಣಗಿಸಿ, ಮಾಡಿನಡಿ ಪೇರಿಸಿಡಬೇಕು. ಬೆಂಕಿ ಹೊತ್ತಿಸಲು ಒಣ ಸೋಗೆ, ಗೆರಟೆ ಸಾಕು. ಹಂಡೆಗೆ ಮುಚ್ಚಳವಿರಲಿ, ಒಲೆಗೆ ಜಾಳಿಗೆ ಮತ್ತು ಹೊಗೆಕೊಳವೆ ಇರಲಿ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಬೂದಿ ಮಳೆಗೆ ನೆನೆದರೆ ಪೊಟ್ಯಾಷ್ ತೊಳೆದುಹೋಗುವುದರಿಂದ ಅದನ್ನು ಒಣಗಿದ ಜಾಗದಲ್ಲಿಡಬೇಕು, ಯೂರಿಯಾದೊಂದಿಗೆ ಬೆರೆಸಬಾರದು. ಬಿಸಿಲಿರುವ ಎಂಟು ತಿಂಗಳು ಸೌರ ಹೀಟರ್ ಕೂಡಿಸುವ ಶಕ್ತಿಯುಳ್ಳವರು ಹಿಂಜರಿಯಬಾರದು.

ವಿದ್ಯಾರ್ಥಿಗಳಿಗೆ ನಮ್ಮದೊಂದು ಕೋರಿಕೆ: ಒಂದು ವಾರ ನಿಮ್ಮ ಮನೆಯ ಹಂಡೆಯೊಲೆಗೆ ಹೋಗುವ ಸೌದೆಯನ್ನು ತೂಗಿ ಬರೆದಿಡಿ. ಮರುವಾರ ಒಣಸೌದೆ ಬಳಸಿ, ಹಂಡೆಗೆ ಮುಚ್ಚಳವಿಟ್ಟು ಮತ್ತೆ ತೂಗಿರಿ. ಎರಡು ಲೆಕ್ಕಗಳ ನಡುವಣ ಅಂತರವೇ ಬೆಟ್ಟದಲ್ಲಿ ಉಳಿಯುವ ಮರ.