ಮುದ್ರೆಯಿಲ್ಲದ ತಕ್ಕಡಿ

ಮಣಿಕಟ್ಟಿನ ಪಟ್ಟಿಯಿಂದಲೇ ಪ್ರತಿದಿನದ ರಕ್ತದೊತ್ತಡವನ್ನು ಅಂದಾಜು ಮಾಡಿ ತೋರಿಸುವ ಸೌಲಭ್ಯಕ್ಕೆ ಅನುಮತಿಯನ್ನೇ ಪಡೆದಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜುಲೈನಲ್ಲಿ ವೂಪ್ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. ಇದು ರೋಗಪತ್ತೆಗಲ್ಲ, ಬರೀ ಕ್ಷೇಮದ ಮಾಹಿತಿ ಎಂಬುದು ಕಂಪನಿಯ ವಾದ. ಈ ವಾದ ನಿಲ್ಲುವುದಿಲ್ಲ. ಪರದೆಯ ಮೇಲೆ 150/95 ಎಂದು ಮೂಡಿದರೆ ಹೆಜ್ಜೆಗಳ ಲೆಕ್ಕ ನೋಡಿದಂತೆ ನೋಡಿ ಸುಮ್ಮನಾಗುವವರು ಯಾರು? 118/76 ಎಂದು ಬಂದರೆ ಅಪಾಯ ಇನ್ನೂ ಹೆಚ್ಚು: ಬಿಪಿ ಸರಿಯಿದೆಯೆಂದು ನಂಬಿ ಮಾತ್ರೆ ಬಿಡುವವರಿದ್ದಾರೆ. ಬಿಪಿಯ ಅಂಕಿ ಎಂದರೇ ವೈದ್ಯಕೀಯ ಅಂಕಿ; ಅದನ್ನು ತೋರಿಸುವವರು ಪುರಾವೆಯನ್ನೂ ಕೊಡಬೇಕು.

ತೋಳಿಗೆ ಕಟ್ಟುವ ಪಟ್ಟಿ ಗಾಳಿ ತುಂಬಿಕೊಂಡು ರಕ್ತನಾಳವನ್ನು ಅದುಮುತ್ತದೆ. ಒತ್ತಡವನ್ನು ಒತ್ತಡದಿಂದಲೇ ಅಳೆಯುತ್ತದೆ. ಕೈಗಡಿಯಾರ ಹಾಗಲ್ಲ. ಚರ್ಮದೊಳಕ್ಕೆ ಬೆಳಕು ಹಾಯಿಸಿ, ನಾಡಿಯ ಅಲೆಯ ಆಕಾರ ನೋಡಿ ಒತ್ತಡವನ್ನು ಊಹಿಸುತ್ತದೆ. ಹಾಗಾಗಿಯೇ ಇಂಥ ಹಲವು ಸಾಧನಗಳಿಗೆ ಮೊದಲು ತೋಳಿನ ಪಟ್ಟಿಯ ಅಳತೆಯನ್ನು ಹೇಳಿಕೊಡಬೇಕು. ಸ್ಯಾಮ್‌ಸಂಗ್ ವಾಚಿಗಂತೂ 28 ದಿನಕ್ಕೊಮ್ಮೆ. ತೊಡಕು ಇರುವುದೇ ಇಲ್ಲಿ. ಬೆಳಿಗ್ಗೆ 130 ಎಂದು ಹೇಳಿಕೊಟ್ಟು, ಕುರ್ಚಿಯಲ್ಲಿ ಸುಮ್ಮನೆ ಕೂತವರನ್ನು ಪರೀಕ್ಷಿಸಿದರೆ, ಏನನ್ನೂ ಅಳೆಯದೆ 130 ಎಂದೇ ಒಪ್ಪಿಸುವ ಯಂತ್ರವೂ ಪಾಸಾಗುತ್ತದೆ! ಇದನ್ನರಿತೇ ಯುರೋಪಿನ ಅಧಿಕ ರಕ್ತದೊತ್ತಡ ತಜ್ಞರ ಸಂಘ 2023ರಲ್ಲಿ ಆರು ಪರೀಕ್ಷೆಗಳನ್ನು ಸೂಚಿಸಿತು. ಕೈ ಮೇಲೆ ಕೆಳಗೆ ಮಾಡಿದಾಗ, ನಿದ್ದೆಯಲ್ಲಿ, ವ್ಯಾಯಾಮದಲ್ಲಿ, ಔಷಧ ಶುರುವಾದ ಮೇಲೆ ಒತ್ತಡ ಬದಲಾದದ್ದು ಸಾಧನಕ್ಕೆ ಗೊತ್ತಾಗುತ್ತದೆಯೇ ಎಂಬುದೇ ಅವುಗಳ ತಿರುಳು.

ಇಷ್ಟು ಬಿಗಿ ಮಾಡಿದರೆ ಹೊಸ ಸಂಶೋಧನೆಯ ಕತ್ತು ಹಿಸುಕಿದಂತಾಗದೇ ಎಂಬ ಆಕ್ಷೇಪವಿದೆ. ಲಕ್ಷಣ ತೋರದೆ ಬೆಳೆಯುವ ಕಾಯಿಲೆಯಿದು; ನಿದ್ದೆಗೆಡಿಸದೆ ರಾತ್ರಿಯ ಒತ್ತಡ ಹಿಡಿಯುವ ಸಾಧನ ಬಂದರೆ ದೊಡ್ಡ ಉಪಕಾರವೇ ಸರಿ. ಆದರೆ ಬಾಗಿಲನ್ನು ಯಾರೂ ಮುಚ್ಚಿಲ್ಲ. 2025ರಲ್ಲೇ ಆಪಲ್ ವಾಚಿನ ಅಧಿಕ ಬಿಪಿ ಸೂಚನೆಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು; ಅದು ಅಂಕಿ ತೋರಿಸುವುದಿಲ್ಲ, ಪಟ್ಟಿ ಕಟ್ಟಿ ಅಳೆದು ನೋಡಿ ಎನ್ನುತ್ತದೆ. ತನ್ನ ಮಿತಿ ಬಲ್ಲ ಸಾಧನಕ್ಕೆ ದಾರಿಯಿದೆ. ಮಿತಿ ಮರೆತರೆ ಏನಾಗುತ್ತದೆಂಬುದಕ್ಕೆ ‘ಇನ್‌ಸ್ಟಂಟ್ ಬ್ಲಡ್ ಪ್ರೆಷರ್’ ಎಂಬ ಮೊಬೈಲ್ ಆ್ಯಪ್ ಸಾಕ್ಷಿ. ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ‘ಹೆಚ್ಚಿಲ್ಲ’ ಎಂದಿತ್ತೆಂದು ತೋರಿಸಿತು. ಕಿರಾಣಿ ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಅಲ್ಲಿ ತಪ್ಪಿದರೆ ಹೋಗುವುದು ನೂರು ಗ್ರಾಂ ಬೇಳೆ ಮಾತ್ರ.