ಬೆಲೆಗಾಗಿ ಬೆಳೆಯ ನಾಶ

ಮುಗ್ಗಟ್ಟಿನ ಕಾಲದಲ್ಲಿ ಸರಕಾರವು ಮಾರುಕಟ್ಟೆಯಲ್ಲಿ ಕೈಹಾಕಬೇಕೆ ಎಂಬುದು ಹಳೆಯ ವಾದ. 1933ರಲ್ಲಿ ಅಮೆರಿಕದ ಸರಕಾರವು, ಕುಸಿದ ಬೆಲೆಗಳನ್ನು ಮೇಲೆತ್ತಲೆಂದು, ಸುಮಾರು 1 ಕೋಟಿ ಎಕರೆ ಹತ್ತಿಯ ಬೆಳೆಯನ್ನು ಹರಗಿಸಿ ಹಾಳುಗೆಡವಿತು. ಸುಮಾರು 60 ಲಕ್ಷ ಹಂದಿಗಳನ್ನು ಕೊಂಡು ಕೊಲ್ಲಿಸಿತು. ಹಿಂಸೆಯ ಮಾತನ್ನು ಬದಿಗಿಡೋಣ. ನಿರುದ್ಯೋಗಿಗಳು ತುತ್ತಿಗಾಗಿ ಸಾಲುಗಟ್ಟಿ ನಿಂತಿದ್ದ ವರ್ಷವದು! ಮಾಂಸದ ಒಂದು ಭಾಗವು ಬಡವರಿಗೆ ಸಂದಿತು, ನಿಜ; ಎಳೆಯ ಮರಿಗಳಲ್ಲಿ ಬಹಳಷ್ಟು ಗೊಬ್ಬರವಾದವು.

ಬೆಲೆ-ಕೂಲಿಗಳು ತಾವಾಗಿ ಇಳಿಯಗೊಡದ ಸರಕಾರವೇ ಆ ಮುಗ್ಗಟ್ಟನ್ನು ಬೆಳೆಸಿತೆಂದು ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ 1963ರ ತಮ್ಮ ಗ್ರಂಥದಲ್ಲಿ ವಾದಿಸಿದರು. ನಾವು ಇದನ್ನು ಪೂರ್ಣವಾಗಿ ಒಪ್ಪಲಾರೆವು. ಬ್ಯಾಂಕುಗಳು ಮುಳುಗುವಾಗ ಆಳುವವರು ಸುಮ್ಮನಿರುವುದು ಧರ್ಮವೆನಿಸದು. ಆದರೆ ಹತ್ತಿಯ ಪರಿಹಾರಧನವು ಬಹುಮಟ್ಟಿಗೆ ಭೂಮಾಲೀಕರ ಕೈಸೇರಿತು. ಪಾಲಿಗೆ ಸಾಗುವಳಿ ಮಾಡುತ್ತಿದ್ದ ಬಡ ಒಕ್ಕಲಿಗೆ ಹೊಲವೇ ತಪ್ಪಿತು. 1936ರಲ್ಲಿ ಸುಪ್ರೀಮ್ ಕೋರ್ಟು ಆ ಕಾಯಿದೆಯನ್ನು ಅಸಿಂಧುವೆಂದಿತು. ಅಷ್ಟರಲ್ಲಿ ಅನೇಕ ಕುಟುಂಬಗಳು ಊರು ಬಿಟ್ಟಿದ್ದವು.